ಲಂಗರ್‌ಗೂ ವಾರ್ಡಿಗೂ ನಡುವೆ: ಸೇನೆಯಲ್ಲಿ ಡಯೆಟಿಷಿಯನ್ ಆಗಹೊರಟ ಪುಣೆಯ ಹುಡುಗಿಯ ಪ್ರಕರಣ

ಪುಣೆಯ ವಿಶ್ರಾಂತವಾಡಿಯಲ್ಲಿ ಮನೆ. ತಂದೆ ಮರಾಠಾ ಲೈಟ್ ಇನ್‌ಫಂಟ್ರಿಯಿಂದ ಸುಬೇದಾರರಾಗಿ ನಿವೃತ್ತರು, ಮೂಲ ಗೋಕಾಕ ಕಡೆಯವರು. ಮಗಳಿಗೆ 22 ವರ್ಷ. ಬಿ.ಎಸ್ಸಿ. ನ್ಯೂಟ್ರಿಷನ್, 64 ಪ್ರತಿಶತ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿರಲಿಲ್ಲ. ಅವಳ ಪ್ರಶ್ನೆ ಒಂದೇ ಸಾಲಿನದು: ಸೇನೆಯಲ್ಲಿ ಡಯೆಟಿಷಿಯನ್ ಆಗುವುದು ಹೇಗೆ?

ಈ ಹುಡುಗಿ ಒಬ್ಬಳೇ ಒಬ್ಬಳಲ್ಲ. ಖಡಕಿ, ದಾಪೋಡಿ, ದಿಘಿ ಕಡೆಯ ಕನ್ನಡದ ಫೌಜಿ ಮನೆಗಳಲ್ಲಿ ಏಳುವ ಪ್ರಶ್ನೆಗಳನ್ನೆಲ್ಲ ಒಂದೇ ಮನೆಗೆ ಇಳಿಸಿ ಬರೆದಿದ್ದೇವೆ. ನಿಯಮ, ಅಂಕಿ, ಸಂಸ್ಥೆಗಳು ಮಾತ್ರ ಇದ್ದ ಹಾಗೇ ಇವೆ.

ಮನೆಯಲ್ಲಿ ಮೊದಲ ಅಡ್ಡಿ ಬಂದದ್ದು ತಂದೆಯಿಂದಲೇ. “ಇಪ್ಪತ್ತೆಂಟು ವರ್ಷ ನೌಕರಿ ಮಾಡೀನಿ, ಪಲ್ಟನ್ಯಾಗ ಡಯೆಟಿಷಿಯನ್ ಅಂತ ಯಾರ್ನೂ ನೋಡಿಲ್ಲವ್ವಾ. ಲಂಗರ್ ಕಮಾಂಡರ್ ನೋಡೀನಿ, ಕ್ಯೂಎಮ್ ಸಾಹೇಬ್ರನ್ನ ನೋಡೀನಿ. ಊಟ ಸರಿ ಇಲ್ಲಂದ್ರ ಅವರಿಬ್ಬರನ್ನ ಕೇಳತಿದ್ವಿ.” (ಲಂಗರ್ ಎಂದರೆ ಪಲ್ಟನ್ನಿನ ಅಡುಗೆಮನೆ, ಕ್ಯೂಎಮ್ ಎಂದರೆ ಕ್ವಾರ್ಟರ್‌ಮಾಸ್ಟರ್.)

“ನೆಟ್‌ನ್ಯಾಗ ಕ್ಯಾಪ್ಟನ್ ರ್‍ಯಾಂಕ್ ಕೊಡ್ತಾರಂತ ಐತಲ್ಲಪಾ.”

ಇಬ್ಬರ ಮಾತೂ ಸುಳ್ಳಲ್ಲ. ಮಗಳು ಓದಿದ್ದು ಅಮೆರಿಕದ ಸೇನೆಯ ವಿಷಯ, ಅಷ್ಟೇ.

ಗೊಂದಲ ಹುಟ್ಟುವುದು ಎಲ್ಲಿ

ಅಮೆರಿಕದ ಸೇನೆಯಲ್ಲಿ ಡಯೆಟಿಷಿಯನ್ ಎಂದರೆ ಕಮಿಷನ್, ಅಂದರೆ ಸೇನಾಧಿಕಾರಿಯಾಗಿ ನೇಮಕ, ಪಡೆದವರು. 1947ರಲ್ಲೇ ಅಲ್ಲಿ ಡಯೆಟಿಷಿಯನ್, ಫಿಸಿಯೋಥೆರಪಿಸ್ಟ್ ಮತ್ತು ಆಕ್ಯುಪೇಷನಲ್ ಥೆರಪಿಸ್ಟ್‌ಗಳನ್ನು ಸೇರಿಸಿ ಪ್ರತ್ಯೇಕ ಕೋರ್ ಕಟ್ಟಿದರು. ಇಂದು 65ಸಿ ಎಂಬ ಸಂಕೇತದಡಿ ಅವರನ್ನು ಸೇರಿಸಿಕೊಳ್ಳುತ್ತಾರೆ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಬೇಲರ್ ವಿಶ್ವವಿದ್ಯಾಲಯದ ಜೊತೆಗೂಡಿ ಸೇನೆಯೇ ಸ್ನಾತಕೋತ್ತರ ತರಬೇತಿ ನಡೆಸುತ್ತದೆ. ಆದರೆ ಕಮಿಷನ್‌ಗೆ ಅಮೆರಿಕದ ಪೌರತ್ವ ಬೇಕು. ಗೂಗಲ್‌ನಲ್ಲಿ ‘ಮಿಲಿಟರಿ ಡಯೆಟಿಷಿಯನ್’ ಎಂದು ಹುಡುಕಿದರೆ ಮೊದಲ ಪುಟದ ತುಂಬ ಇದೇ ಬರುತ್ತದೆ.

ಭಾರತದಲ್ಲಿ ಡಯೆಟಿಷಿಯನ್ನರಿಗೆಂದೇ ಇರುವ ಕಮಿಷನ್ ಇಲ್ಲ. ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಯಲ್ಲಿ ವೈದ್ಯರಿಗೆ ಆರ್ಮಿ ಮೆಡಿಕಲ್ ಕೋರ್, ದಂತವೈದ್ಯರಿಗೆ ಡೆಂಟಲ್ ಕೋರ್, ನರ್ಸ್‌ಗಳಿಗೆ ಮಿಲಿಟರಿ ನರ್ಸಿಂಗ್ ಸರ್ವಿಸ್ ಇವೆ. ಡಯೆಟಿಷಿಯನ್ ದೊಡ್ಡ ಸೇನಾ ಆಸ್ಪತ್ರೆಗಳಲ್ಲಿ ಸಿಗುತ್ತಾರೆ, ಆದರೆ ನಾಗರಿಕ ಸಿಬ್ಬಂದಿಯಾಗಿ ಅಥವಾ ಗುತ್ತಿಗೆಯ ಮೇಲೆ. ಇನ್ನು ಸೈನಿಕನ ದಿನದ ಊಟ ವೈದ್ಯಕೀಯ ಸೇವೆಯ ಕೈಯಲ್ಲೇ ಇಲ್ಲ. ರೇಷನ್ ಪೂರೈಸುವುದು ಆರ್ಮಿ ಸರ್ವಿಸ್ ಕೋರ್. ಘಟಕದೊಳಗೆ ಅದನ್ನು ಪಡೆದು ಲೆಕ್ಕ ಇಡುವವರು ಕ್ವಾರ್ಟರ್‌ಮಾಸ್ಟರ್. ಬೇಯಿಸುವುದು ಲಂಗರ್. ಘಟಕದ ವೈದ್ಯರು ಅಡುಗೆಮನೆಯ ಶುಚಿತ್ವ ನೋಡುತ್ತಾರೆ. ಒಬ್ಬ ಯೋಧ ಏನು ತಿನ್ನಬೇಕು ಎಂಬುದನ್ನು ರೇಷನ್ ಸ್ಕೇಲ್ ಎಂಬ ಕಾಗದ ಮೊದಲೇ ತೀರ್ಮಾನಿಸಿರುತ್ತದೆ. ಬಯಲು ನಾಡಿಗೆ ಒಂದು ಸ್ಕೇಲ್, ಎತ್ತರದ ಪ್ರದೇಶಕ್ಕೆ ಇನ್ನೊಂದು.

ಹಾಗಾಗಿ ಅವಳ ಪ್ರಶ್ನೆಯನ್ನು ಎರಡಾಗಿ ಒಡೆಯಬೇಕಾಯಿತು. ಸಮವಸ್ತ್ರ ಬೇಕೋ, ಡಯೆಟ್ ಕೆಲಸ ಬೇಕೋ? ಎರಡೂ ಒಟ್ಟಿಗೆ ಸಿಗುವ ಬಾಗಿಲು ನಮ್ಮಲ್ಲಿ ಬಹಳ ಸಣ್ಣದು, ತೆರೆಯುವುದೂ ಅಪರೂಪ.

ಸಮವಸ್ತ್ರದ ಬಾಗಿಲುಗಳು

2025ರ ಮೇ 30ರಂದು ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ 17 ಹುಡುಗಿಯರ ಮೊದಲ ತಂಡ ಹೊರಬಂದಾಗ ಪುಣೆಯ ಫೌಜಿ ಮನೆಗಳಲ್ಲೆಲ್ಲ ಅದೇ ಮಾತು. ಇವಳ ಪಾಲಿಗೆ ಅದು ಮುಗಿದ ದಾರಿ. ಆ ಪರೀಕ್ಷೆ ಪಿಯುಸಿ ಹಂತದವರಿಗೆ, ಹತ್ತೊಂಬತ್ತೂವರೆಯೊಳಗಿನವರಿಗೆ.

ಉಳಿದದ್ದು ಸಿಡಿಎಸ್ ಮತ್ತು ಎಎಫ್‌ಕ್ಯಾಟ್ ಎಂಬ ಎರಡು ಅಧಿಕಾರಿ ಪ್ರವೇಶ ಪರೀಕ್ಷೆಗಳು. ಸಿಡಿಎಸ್ ಮೂಲಕ ಚೆನ್ನೈನ ಅಧಿಕಾರಿ ತರಬೇತಿ ಅಕಾಡೆಮಿಗೆ ಯಾವ ಪದವಿಯಾದರೂ ನಡೆಯುತ್ತದೆ, ಹೆಣ್ಣುಮಕ್ಕಳಿಗೆ ಅರ್ಜಿ ಶುಲ್ಕವೂ ಇಲ್ಲ. ಆದರೆ ತರಬೇತಿ ಶುರುವಾಗುವ ಹೊತ್ತಿಗೆ ಸುಮಾರು 25ರೊಳಗಿರಬೇಕು, ಅವಿವಾಹಿತೆಯಾಗಿರಬೇಕು. ಪರೀಕ್ಷೆಗೂ ತರಬೇತಿಗೂ ನಡುವೆ ಸುಮಾರು ಒಂದು ವರ್ಷದ ಅಂತರ. ಅಂದರೆ 22ರ ಹುಡುಗಿಗೆ ಸಿಗುವುದು ಮೂರು ಪ್ರಯತ್ನ, ಹೆಚ್ಚೆಂದರೆ ನಾಲ್ಕು. ವಾಯುಪಡೆಯ ಎಎಫ್‌ಕ್ಯಾಟ್ ವರ್ಷಕ್ಕೆ ಎರಡು ಸಲ. ಶುಲ್ಕ 550 ರೂಪಾಯಿ, ಮೇಲೆ ಜಿಎಸ್‌ಟಿ. 100 ಪ್ರಶ್ನೆ, 300 ಅಂಕ, ತಪ್ಪಿಗೆ ತಲಾ 1 ಅಂಕ ಕಡಿತ. ನೆಲದ ಮೇಲಿನ ತಾಂತ್ರಿಕೇತರ ಶಾಖೆಗಳಿಗೆ ತರಬೇತಿಯ ಆರಂಭಕ್ಕೆ 20ರಿಂದ 26 ವರ್ಷ, ಪದವಿಯಲ್ಲಿ 60 ಪ್ರತಿಶತ. ಇವಳ 64 ಇಲ್ಲಿ ಕೆಲಸಕ್ಕೆ ಬಂತು. 25 ತುಂಬುವ ಮೊದಲು ತರಬೇತಿಗೆ ಸೇರುವವರು ಮದುವೆಯಾಗಿರಬಾರದು ಎಂಬ ನಿಯಮ ಇಲ್ಲಿಯೂ ಇದೆ. ಗಂಡು ನೋಡಲು ಅವಸರ ಮಾಡುವ ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಂದರ್ಶನ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲೇ ಇದೆ.

ಆದರೆ ಈ ದಾರಿಯಲ್ಲಿ ಗೆದ್ದವಳು ಡಯೆಟಿಷಿಯನ್ ಆಗುವುದಿಲ್ಲ, ಆಡಳಿತ ಅಥವಾ ಲಾಜಿಸ್ಟಿಕ್ಸ್ ಶಾಖೆಯ ಅಧಿಕಾರಿಯಾಗುತ್ತಾಳೆ. ಸೇವೆ ಹತ್ತು ವರ್ಷ, ಮುಂದುವರಿದರೆ ಇನ್ನೂ ನಾಲ್ಕು. ಅಷ್ಟು ವರ್ಷ ಕ್ಲಿನಿಕಲ್ ಕೆಲಸ ಕೈಬಿಟ್ಟವರು ಮತ್ತೆ ವಾರ್ಡಿಗೆ ಮರಳುವುದು ಕಷ್ಟ. ಓದಿದ್ದು ಮರೆತುಹೋಗುತ್ತದೆ ಅಂತಲ್ಲ, ಔಷಧಿ, ಫೀಡು (ನಳಿಕೆಯಲ್ಲಿ ಕೊಡುವ ಆಹಾರ), ಮಾರ್ಗಸೂಚಿ ಎಲ್ಲ ಬದಲಾಗಿರುತ್ತವೆ.

ಅವಳ ತಮ್ಮ ವಾಟ್ಸಾಪ್‌ನಲ್ಲಿ ಕಳಿಸಿದ ಜಾಹೀರಾತು ಇನ್ನೊಂದು: ಆರ್ಮಿ ಸರ್ವಿಸ್ ಕೋರ್‌ನಲ್ಲಿ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಕೇಟರಿಂಗ್. ಪಿಯುಸಿ ಜೊತೆ ಅಡುಗೆ ಅಥವಾ ಹೋಟೆಲ್ ಮ್ಯಾನೇಜ್‌ಮೆಂಟಿನಲ್ಲಿ ಕನಿಷ್ಠ ಒಂದು ವರ್ಷದ ಡಿಪ್ಲೊಮಾ, ವಯಸ್ಸು 21ರಿಂದ 27. ಊಟಕ್ಕೆ ನೇರವಾಗಿ ಸಂಬಂಧಿಸಿದ ಸಮವಸ್ತ್ರದ ಹುದ್ದೆ ಇದೇ, ಆದರೆ ಗಂಡಸರಿಗೆ. ತಮ್ಮನಿಗೇ ಬೇಕಾದರೆ ಆಗಬಹುದು.

ಇನ್ನುಳಿದದ್ದು ಅರೆಸೇನೆ. 2020ರಲ್ಲಿ ಸಿಆರ್‌ಪಿಎಫ್ ಅರೆವೈದ್ಯಕೀಯ ಸಿಬ್ಬಂದಿಗೆ 789 ಹುದ್ದೆ ಕರೆಯಿತು. ಅದರಲ್ಲಿ ‘ಇನ್‌ಸ್ಪೆಕ್ಟರ್, ಡಯೆಟಿಷಿಯನ್’ ಎಂಬ ಹುದ್ದೆ ಇತ್ತು, ಸಂಖ್ಯೆ 1. ಸ್ಟಾಫ್ ನರ್ಸ್‌ಗೆ 175. ಸಮವಸ್ತ್ರವೂ ಡಯೆಟ್ ಕೆಲಸವೂ ಒಂದೇ ಹುದ್ದೆಯಲ್ಲಿ ಸೇರುವ ಜಾಗ ಇದು, ಆದರೆ ಗೃಹ ಸಚಿವಾಲಯದ ಅಡಿ ಬರುತ್ತದೆ, ಸೇನೆಯಲ್ಲ. ದೇಶಕ್ಕೆಲ್ಲ ಒಂದು ಹುದ್ದೆಯನ್ನು ನಂಬಿ ಬದುಕು ಕಟ್ಟಲಾಗದು. ಅರ್ಜಿ ಹಾಕಬೇಕು, ಕಾಯುತ್ತ ಕೂರಬಾರದು.

ಕೆಲಸದ ಬಾಗಿಲುಗಳು

ಪುಣೆಯಲ್ಲಿ ಇದ್ದದ್ದು ಅವಳ ಅದೃಷ್ಟ. ವಾನವಡಿಯಲ್ಲಿ ಸದರ್ನ್ ಕಮಾಂಡಿನ ಕಮಾಂಡ್ ಆಸ್ಪತ್ರೆ, ಅಲ್ಲೇ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು; ಖಡಕಿಯಲ್ಲಿ ಮಿಲಿಟರಿ ಆಸ್ಪತ್ರೆ; ಮುಂಢ್ವಾದಲ್ಲಿ 2001ರಲ್ಲಿ ಶುರುವಾದ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್; ದಾಪೋಡಿಯ ಮಿಲಿಟರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ರೋಯಿಂಗ್ ಕೇಂದ್ರ. ಮುಂಬಯಿಗೆ ಹೋದರೆ ಕೊಲಾಬಾದಲ್ಲಿ ನೌಕಾಪಡೆಯ ಅಶ್ವಿನಿ ಆಸ್ಪತ್ರೆ.

ಆದರೆ ಕಾಯಂ ಹುದ್ದೆಯ ಜಾಹೀರಾತು ಎಂದುಕೊಂಡು ನೋಡಿದರೆ ನಿರಾಸೆ. ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಯ ಮಹಾನಿರ್ದೇಶನಾಲಯ 2025ರ ಆರಂಭದಲ್ಲಿ 113 ಗ್ರೂಪ್ ಸಿ ಹುದ್ದೆ ಕರೆದಾಗ ಸ್ಟೋರ್‌ಕೀಪರ್ 24, ಟ್ರೇಡ್ಸ್‌ಮನ್ ಮೇಟ್ 31, ಅಡುಗೆಯವರು 4, ಅಗಸರು 2, ಬಡಗಿ 2, ತಗಡಿನ ಕೆಲಸದವರು ಒಬ್ಬರು. ಡಯೆಟಿಷಿಯನ್ ಇಲ್ಲ. ನಿವೃತ್ತ ಯೋಧರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ಗಳ ಗುತ್ತಿಗೆ ಪಟ್ಟಿಯಲ್ಲಿ ಫಿಸಿಯೋಥೆರಪಿಸ್ಟ್, ಫಾರ್ಮಸಿಸ್ಟ್, ಡೆಂಟಲ್ ಹೈಜಿನಿಸ್ಟ್ ಕಾಣುತ್ತಾರೆ, ಡಯೆಟಿಷಿಯನ್ ಸಾಮಾನ್ಯವಾಗಿ ಕಾಣುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಹಿರಿಯರೇ ಹೆಚ್ಚು ಬರುವ ಜಾಗದಲ್ಲಿ ಇದು ಕೊರತೆಯೇ.

ಸಂಶೋಧನೆಯ ಕಡೆ ಬಾಗಿಲು ಅಗಲ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ 1961ರಿಂದ ಸೈನಿಕರ ಊಟದ ಮೇಲೇ ಕೆಲಸ ಮಾಡುತ್ತಿದೆ. ಬಿಸಿ ಮಾಡಿ ತಿನ್ನುವ ಪೊಟ್ಟಣದ ಊಟಗಳು ಅಲ್ಲಿಂದ ಬಂದವು. ಎತ್ತರದ ಪ್ರದೇಶದಲ್ಲಿ ದೇಹ ಏನಾಗುತ್ತದೆ ಎಂಬುದನ್ನು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ್ದೇ ಆದ ದೆಹಲಿಯ ಇನ್ನೊಂದು ಪ್ರಯೋಗಾಲಯ ನೋಡುತ್ತದೆ. ಇಲ್ಲಿ ಜೂನಿಯರ್ ರಿಸರ್ಚ್ ಫೆಲೊ ಆಗಲು ಸ್ನಾತಕೋತ್ತರ ಪದವಿ ಮತ್ತು ನೆಟ್ ಅಥವಾ ಗೇಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಬೇಕು. ವಯಸ್ಸು 28ರೊಳಗೆ, ಮೀಸಲಾತಿ ಇದ್ದರೆ ಸಡಿಲಿಕೆ. 2023ರ ಜನವರಿಯಿಂದ ಫೆಲೊಶಿಪ್ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ನೆಟ್‌ನಲ್ಲಿ ಅವಳ ವಿಷಯ ಹೋಮ್ ಸೈನ್ಸ್. ಗೇಟ್‌ನಲ್ಲಾದರೆ ಲೈಫ್ ಸೈನ್ಸಸ್ ಪತ್ರಿಕೆ: ರಸಾಯನಶಾಸ್ತ್ರ ಕಡ್ಡಾಯ, ಜೊತೆಗೆ ಎರಡು ವಿಭಾಗ ಆಯ್ದುಕೊಳ್ಳಬೇಕು. ಆಹಾರ ತಂತ್ರಜ್ಞಾನ ಮತ್ತು ಜೀವರಸಾಯನ ಹಿಡಿದವರಿಗೆ ಓದು ಹಗುರ.

ಲಂಗರ್‌ನಲ್ಲಿ ಲೆಕ್ಕ ಎಲ್ಲಿ ತಪ್ಪುತ್ತದೆ

ಸಂದರ್ಶನಕ್ಕೆ ಬರುವ ಹೊಸಬರು ಎಡವುವುದು ಇಲ್ಲೇ. ‘ಸೈನಿಕನಿಗೆ ಡಯೆಟ್ ಚಾರ್ಟ್ ಹಾಕಿ’ ಎಂದರೆ ಓಟ್ಸ್, ಗ್ರೀಕ್ ಯೋಗರ್ಟ್, ಬ್ರೊಕೊಲಿ ಬರೆದುಬಿಡುತ್ತಾರೆ. ಲಂಗರ್‌ನಲ್ಲಿ ನೂರಿಪ್ಪತ್ತು ಜನಕ್ಕೆ ಒಂದೇ ಅಡುಗೆ. ಸ್ಟೋರಿನಲ್ಲಿ ಇದ್ದದ್ದೇ ಸಾಮಾನು. ಬದಲಾಯಿಸಬಹುದಾದ್ದು ಪ್ರಮಾಣ, ಬೇಯಿಸುವ ರೀತಿ, ಬಡಿಸುವ ಕ್ರಮ, ಇಷ್ಟೇ.

ಒಂದು ಉದಾಹರಣೆ. 2023ರ ಮಾರ್ಚ್‌ನಲ್ಲಿ ಸೇನೆ ಅರ್ಧ ಶತಮಾನದ ನಂತರ ಸಿರಿಧಾನ್ಯದ ಹಿಟ್ಟನ್ನು ರೇಷನ್‌ಗೆ ಮರಳಿ ತಂದಿತು. ಸಜ್ಜೆ, ಜೋಳ, ರಾಗಿ ಮೂರೂ ಸೇರಿ ಯೋಧನಿಗೆ ಸಿಗಬೇಕಾದ ಅಕ್ಕಿ ಮತ್ತು ಗೋಧಿ ಹಿಟ್ಟಿನ ಪಾಲಿನ ಶೇ 25ನ್ನು ಮೀರಬಾರದು ಎಂಬ ಮಿತಿ. ಗೋಕಾಕದ ಮನೆಯವರಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇರೆ ಇರಲಿಲ್ಲ. ಆದರೆ ಲೆಕ್ಕಕ್ಕೆ ಕುಳಿತಾಗ ತೊಡಕು ಗೊತ್ತಾಯಿತು.

ತಲೆಗೆ ದಿನಕ್ಕೆ 400 ಗ್ರಾಂ ಧಾನ್ಯ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ, ಅರ್ಧ ಅಕ್ಕಿ, ಅರ್ಧ ಗೋಧಿ ಹಿಟ್ಟು. ಶೇ 25 ಅಂದರೆ 100 ಗ್ರಾಂ. 120 ಜನಕ್ಕೆ 12 ಕಿಲೊ ಹಿಟ್ಟು. ಅಷ್ಟನ್ನೂ ಜೋಳದ ರೊಟ್ಟಿ ಮಾಡುತ್ತೇನೆ ಎಂದರೆ 50 ಗ್ರಾಂನಂತೆ 240 ರೊಟ್ಟಿ. ಕೈ ಪಳಗಿದವರಿಗೂ ಬಡಿದು ಬೇಯಿಸಲು ಒಂದಕ್ಕೆ ಒಂದೂವರೆ ನಿಮಿಷ. ಒಂದು ಹಂಚಿನ ಮೇಲೆ ಆರು ಗಂಟೆ, ಮೂರು ಹಂಚಿಟ್ಟು ಮೂವರು ಬಡಿದರೂ ಎರಡು ಗಂಟೆ. ಜೋಳದಲ್ಲಿ ಗೋಧಿಯ ಅಂಟು ಇಲ್ಲ. ಎಸರು ಕಾಯಿಸಿ ಬಿಸಿನೀರಲ್ಲೇ ಕಲಸಬೇಕು, ನಾದಿದ ತಕ್ಷಣ ಬಡಿಯಬೇಕು. ಚಪಾತಿಯ ಹಾಗೆ ಕಣಕ ನಾದಿ ಮುಚ್ಚಿಟ್ಟು ಲಟ್ಟಿಸಲು ಹೋದರೆ ಅಂಚೆಲ್ಲ ಬಿರಿಯುತ್ತದೆ. ಪಂಜಾಬಿನ ಅಡುಗೆಯವನಿಗೆ ಈ ಕೈಚಳಕ ಬರುವುದಿಲ್ಲ, ಬರಬೇಕೆಂದು ಬಯಸುವುದೂ ನ್ಯಾಯವಲ್ಲ.

ನಡೆಯುವ ದಾರಿ ಬೇರೆ. ಗೋಧಿ ಹಿಟ್ಟಿಗೆ ಜೋಳ ಬೆರೆಸುವುದು: ಮೂರು ಪಾಲು ಗೋಧಿ, ಒಂದು ಪಾಲು ಜೋಳ. ತಲೆಗೆ 200 ಗ್ರಾಂ ಹಿಟ್ಟಿನಲ್ಲಿ 50 ಗ್ರಾಂ ಜೋಳ, ಅಂದರೆ 120 ಜನಕ್ಕೆ 18 ಕಿಲೊ ಗೋಧಿ, 6 ಕಿಲೊ ಜೋಳ. ಚಪಾತಿಯ ಹಾಗೇ ಲಟ್ಟಿಸಬಹುದು, ದೊಡ್ಡ ತವೆಯ ಮೇಲೆ ಹತ್ತಾರು ಒಟ್ಟಿಗೆ ಬೇಯುತ್ತವೆ. ಬೆಳಿಗ್ಗೆ ತಲೆಗೆ 30 ಗ್ರಾಂ ರಾಗಿಯ ಗಂಜಿ, ಒಟ್ಟು 3.6 ಕಿಲೊ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಆ ಒಂದು ಲೋಟದಲ್ಲಿ 110 ಮಿಲಿಗ್ರಾಂ ಹತ್ತಿರ ಸೇರುತ್ತದೆ. ದಿನಕ್ಕೆ ಬೇಕಾದ್ದು 1,000. ರಾಗಿ ತಿಂದರೆ ಎಲುಬು ಕಬ್ಬಿಣವಾಗುತ್ತದೆ ಎನ್ನುವ ಉತ್ಸಾಹಿಗಳು ಈ ಅಂಕಿ ನೋಡಿಕೊಳ್ಳಲಿ; ಹಾಲು, ಮೊಸರು ಬಿಡುವಂತಿಲ್ಲ. ಒಟ್ಟು 80 ಗ್ರಾಂ ಆಯಿತು, ಮಿತಿ ಮುಟ್ಟಿಲ್ಲ. ಮೊದಲ ಎರಡು ವಾರ ಅದರ ಅರ್ಧವೇ ಸಾಕು. ನಾರು ಒಮ್ಮೆಲೇ ಏರಿದರೆ ಹೊಟ್ಟೆ ಉಬ್ಬರಿಸುತ್ತದೆ, ಬೆಳಗಿನ ಪಿಟಿಯಲ್ಲಿ ಓಡುವವನು ಬೈಯುವುದು ಜೋಳವನ್ನೇ.

ಸಜ್ಜೆಯನ್ನು ನಾವು ಕೊನೆಗೆ ಇಡುತ್ತೇವೆ. ಅದರಲ್ಲಿ ಕೊಬ್ಬಿನಂಶ ಹೆಚ್ಚು, ಬೀಸಿದ ಮೇಲೆ ಬೇಗ ಕಮಟು ಹಿಡಿದು ಕಹಿಯಾಗುತ್ತದೆ. ತಿಂಗಳ ಹಿಟ್ಟು ಒಟ್ಟಿಗೆ ತಂದಿಟ್ಟರೆ ಎರಡನೆಯ ವಾರದಲ್ಲೇ ದೂರು ಬರುತ್ತದೆ. ಹಿಟ್ಟಿನ ಬದಲು ಕಾಳು ತರಿಸಿ ವಾರವಾರ ಬೀಸಿಸಲು ಆಗುವುದಾದರೆ ಮಾತ್ರ ಸಜ್ಜೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು, ಕಣ್ಣಿಗೆ ಕಾಣುವುದಿಲ್ಲ. ಸ್ಟೋರಿನಿಂದ ಹೊರಬಂದ ಹಸಿ ಸಾಮಾನನ್ನು ಆಹಾರ ಸಂಯೋಜನಾ ಕೋಷ್ಟಕಕ್ಕೆ ಹಾಕಿ ಗುಣಿಸಿ ‘ಯೋಧ 3,500 ಕ್ಯಾಲರಿ ತಿನ್ನುತ್ತಾನೆ’ ಎಂದು ಬರೆಯುವುದು. ಅದು ಕೊಟ್ಟದ್ದು, ತಿಂದದ್ದಲ್ಲ. ತಟ್ಟೆಯಲ್ಲಿ ಬಿಟ್ಟದ್ದನ್ನು ತೂಗಬೇಕು. ಮಾಡುವ ಕ್ರಮ ಸರಳ: ಊಟದ ನಂತರದ ಬಕೆಟ್ ಮೂರು ಇಡಿ, ಅನ್ನಕ್ಕೆ ಒಂದು, ಚಪಾತಿಗೆ ಒಂದು, ಸಾರು-ಪಲ್ಯಕ್ಕೆ ಒಂದು. ಖಾಲಿ ಬಕೆಟಿನ ತೂಕ ಮೊದಲೇ ಬರೆದಿಡಿ. ಏಳು ದಿನ, ಮೂರು ಹೊತ್ತು. ಒಂದು ದಿನ ಚಪಾತಿ ಬಕೆಟಿನಲ್ಲಿ 5 ಕಿಲೊ ಬಿತ್ತು ಎನ್ನಿ. ಒಂದು ಕಿಲೊ ಹಿಟ್ಟಿಗೆ ಸುಮಾರು 1.4 ಕಿಲೊ ಚಪಾತಿಯಾದರೆ ಅದು 3.6 ಕಿಲೊ ಹಿಟ್ಟು, ತಲೆಗೆ 30 ಗ್ರಾಂ, ಹತ್ತಿರ ಹತ್ತಿರ 100 ಕ್ಯಾಲರಿ. ಬಡಾ ಖಾನಾ (ಘಟಕದವರೆಲ್ಲ ಸೇರಿ ಉಣ್ಣುವ ವಿಶೇಷ ಊಟ) ಇರುವ ದಿನವನ್ನು ಈ ಏಳರಲ್ಲಿ ಸೇರಿಸಬೇಡಿ. ಕ್ಯಾಂಟೀನಿನ ಸಮೋಸ, ಬಿಸ್ಕತ್ತು, ಊರಿಂದ ಬಂದ ಉಂಡಿ, ಚಕ್ಕುಲಿ ಬಕೆಟಿಗೆ ಬೀಳುವುದಿಲ್ಲ. ಅದನ್ನು ಕೇಳಿಯೇ ಬರೆದುಕೊಳ್ಳಬೇಕು.

ಎತ್ತರದ ಕತೆ ಮತ್ತೊಂದು. ಲೇಹ್‌ನಂಥ 3,500 ಮೀಟರ್ ಎತ್ತರದಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದಿಲ್ಲ. ಹಸಿವೂ ಇಂಗುತ್ತದೆ. ರೇಷನ್ ಸ್ಕೇಲ್ ಹೆಚ್ಚಿಸಿದ ಮಾತ್ರಕ್ಕೆ ತೂಕ ನಿಲ್ಲದಿರುವುದು ಅದಕ್ಕೇ. ಇದನ್ನು ತಂದೆಗೆ ವಿವರಿಸಬೇಕಾಗಲಿಲ್ಲ. “ಸಿಯಾಚಿನ್ಯಾಗ ಕಾಜು, ಕಿಸ್‌ಮಿಸ್ ಮುಂದಿಟ್ರೂ ಬ್ಯಾಡ ಅನಸ್ತಿತ್ತು. ಚಾ ಒಂದ ಇಳೀತಿತ್ತು” ಎಂದರು. ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ‘ಚಹಾ ಎಷ್ಟು ಲೋಟ, ಸಕ್ಕರೆ ಎಷ್ಟು ಚಮಚ’ ಎಂಬ ಸಾಲು ಸೇರಿಸಲು ಅಷ್ಟು ಮಾತು ಸಾಕಾಯಿತು.

ಒಬ್ಬ ಹವಾಲ್ದಾರರ ತೂಕ

ಸೇನಾ ಆಸ್ಪತ್ರೆಯ ಡಯೆಟಿಷಿಯನ್ ಬಳಿ ಬರುವ ಸಾಮಾನ್ಯ ಪ್ರಕರಣ ಇದು. ಯೋಧನ ಆರೋಗ್ಯವನ್ನು ‘ಶೇಪ್’ ಎಂಬ ಐದಕ್ಷರದ ಅಳತೆಯಲ್ಲಿ ಅಳೆಯುತ್ತಾರೆ: ಮನಸ್ಸು, ಕಿವಿ, ಕೈಕಾಲು, ದೈಹಿಕ ಸಾಮರ್ಥ್ಯ, ಕಣ್ಣು. ತೂಕ ಮೀರಿದರೆ ದೈಹಿಕ ಸಾಮರ್ಥ್ಯದ ದರ್ಜೆ ಕೆಳಗಿಳಿಯುತ್ತದೆ, ಬಡ್ತಿ ಮತ್ತು ಕೋರ್ಸ್‌ಗೆ ಪೆಟ್ಟು ಬೀಳುತ್ತದೆ. ಆದ್ದರಿಂದ ಇಲ್ಲಿ ರೋಗಿ ಚಾರ್ಟ್ ಕೇಳುವುದು ತೆಳ್ಳಗಾಗಲಿಕ್ಕಲ್ಲ, ವೈದ್ಯಕೀಯ ಮಂಡಳಿಯ ಮುಂದೆ ನಿಲ್ಲುವ ದಿನಾಂಕಕ್ಕೆ. ಹತ್ತು ದಿನ ಉಪವಾಸ ಬಿದ್ದು, ನೀರು ಬಿಟ್ಟು, ಪ್ಲಾಸ್ಟಿಕ್ ಸೂಟ್ ಹಾಕಿ ಓಡಿ ಬರುವವರಿದ್ದಾರೆ. ತೂಕ ಇಳಿದದ್ದು ನೀರಿನದು, ತಿಂಗಳಲ್ಲಿ ಮರಳಿ ಬರುತ್ತದೆ. ಬೇಸಿಗೆಯಲ್ಲಿ ಹಾಗೆ ಓಡಿದರೆ ಬಿಸಿಲಾಘಾತ.

38 ವರ್ಷ, 172 ಸೆಂಟಿಮೀಟರ್, 86 ಕಿಲೊ ಎಂದು ಹಿಡಿಯಿರಿ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, 29. ಮಿಫ್ಲಿನ್ ಸೂತ್ರದಂತೆ ವಿಶ್ರಾಂತಿಯ ಅಗತ್ಯ 860 (ತೂಕಕ್ಕೆ) ಕೂಡಿಸು 1,075 (ಎತ್ತರಕ್ಕೆ) ಕಳೆ 190 (ವಯಸ್ಸಿಗೆ) ಕೂಡಿಸು 5, ಒಟ್ಟು 1,750 ಕ್ಯಾಲರಿ. ಕಚೇರಿ ಕೆಲಸ, ಬೆಳಿಗ್ಗೆ ಪಿಟಿ ಇದ್ದರೆ ಒಂದೂವರೆ ಪಟ್ಟು, 2,625. ಅದರಲ್ಲಿ 500 ಇಳಿಸಿದರೆ ವಾರಕ್ಕೆ ಅರ್ಧ ಕಿಲೊ ಹತ್ತಿರ ಇಳಿಯುತ್ತದೆ, ಮೊದಲ ತಿಂಗಳ ನಂತರ ಸ್ವಲ್ಪ ನಿಧಾನ.

ಹೊಸ ಡಯೆಟಿಷಿಯನ್ ಇಲ್ಲಿ ಚಪಾತಿಗೆ ಕತ್ತರಿ ಹಾಕುತ್ತಾಳೆ. ಅದಕ್ಕೂ ಮೊದಲು ಕೇಳಬೇಕಾದ್ದು ಎರಡೇ. ಚಹಾ ಎಷ್ಟು? ಐದು ಲೋಟ, ಲೋಟಕ್ಕೆ 10 ಗ್ರಾಂ ಸಕ್ಕರೆ: 50 ಗ್ರಾಂ, 200 ಕ್ಯಾಲರಿ. ಸಂಜೆ ಕ್ಯಾಂಟೀನಿನ ರಮ್ ಎಷ್ಟು? 60 ಮಿಲಿಯ ಎರಡು ಪೆಗ್. ಶೇ 42.8 ಮದ್ಯಸಾರದಲ್ಲಿ ಪೆಗ್ಗಿಗೆ ಸುಮಾರು 20 ಗ್ರಾಂ ಆಲ್ಕೊಹಾಲ್, ಗ್ರಾಂಗೆ 7ರಂತೆ 140 ಕ್ಯಾಲರಿ, ಎರಡಕ್ಕೆ 280. ತಟ್ಟೆ ಮುಟ್ಟದೆಯೇ 480 ಆಯಿತು. ಜೊತೆಗಿನ ಕರಿದ ಕಡಲೆಬೀಜ ಲೆಕ್ಕಕ್ಕೇ ಹಿಡಿದಿಲ್ಲ. ಎರಡು ಪ್ರಶ್ನೆಗೂ ಮೊದಲ ಭೇಟಿಯಲ್ಲಿ ನಿಜ ಉತ್ತರ ಸಿಗುವುದಿಲ್ಲ, ಅದರಲ್ಲೂ ಎದುರಿಗೆ 24ರ ಹುಡುಗಿ ಕೂತಿದ್ದರೆ. “ಸಾಬ್, ವಾರಕ್ಕೆ ಎಷ್ಟು ಬಾಟಲಿ?” ಎಂದು ಕೇಳುವುದು “ಕುಡಿಯುತ್ತೀರಾ?” ಎಂದು ಕೇಳುವುದಕ್ಕಿಂತ ಫಲ ಕೊಡುತ್ತದೆ.

ಕಾಗದಪತ್ರ: ಅರ್ಜಿ ಬೀಳುವ ಜಾಗ

ಓದಿಗಿಂತ ಹೆಚ್ಚು ಜನ ಸೋಲುವುದು ಇಲ್ಲಿ. ಮೊದಲನೆಯದು ಪದವಿಯ ಹೆಸರು. ರೈಲ್ವೆ 2024ರಲ್ಲಿ ಅರೆವೈದ್ಯಕೀಯ 1,376 ಹುದ್ದೆ ಕರೆದಾಗ ಡಯೆಟಿಷಿಯನ್‌ಗೆ 5 ಇದ್ದವು, ಏಳನೆಯ ಹಂತದ ವೇತನ, ಮೂಲ 44,900 ರೂಪಾಯಿ. ಸರ್ಕಾರಿ ಅಧಿಸೂಚನೆಗಳಲ್ಲಿ ಇಂದಿಗೂ ‘ಹೋಮ್ ಸೈನ್ಸ್’ ಎಂಬ ಹಳೆಯ ಪದವೇ ಓಡಾಡುತ್ತದೆ, ಕಾಲೇಜುಗಳು ಕೋರ್ಸಿಗೆ ‘ಕ್ಲಿನಿಕಲ್ ನ್ಯೂಟ್ರಿಷನ್’, ‘ಅಪ್ಲೈಡ್ ನ್ಯೂಟ್ರಿಷನ್’ ಎಂದು ಹೊಸ ಹೆಸರಿಟ್ಟಿವೆ. ದಾಖಲೆ ಪರಿಶೀಲನೆಯ ಮೇಜಿನಲ್ಲಿ ಕೂತವರು ವಿಷಯ ನೋಡುವುದಿಲ್ಲ, ಅಕ್ಷರ ನೋಡುತ್ತಾರೆ. ಆದ್ದರಿಂದ ಎಂ.ಎಸ್ಸಿ.ಗೆ ಸೇರುವ ಮೊದಲೇ ಮೂರು ಹಳೆಯ ಅಧಿಸೂಚನೆ ಮುಂದಿಟ್ಟುಕೊಂಡು ಪದವಿಯ ಹೆಸರು ಹೋಲಿಸಿ ನೋಡಿ ಎಂದು ಅವಳಿಗೆ ಹೇಳಲಾಯಿತು. ಕರ್ವೆ ರಸ್ತೆಯ ಎಸ್‌ಎನ್‌ಡಿಟಿಯ ಹೋಮ್ ಸೈನ್ಸ್ ಕಾಲೇಜು, ಊರಿಗೆ ಹತ್ತಿರದ ಧಾರವಾಡ ಕೃಷಿ ವಿಶ್ವವಿದ್ಯಾಲಯ, ಮೈಸೂರಿನ ಮಾನಸಗಂಗೋತ್ರಿ, ಈ ಮೂರನ್ನು ಅವಳು ಪಟ್ಟಿ ಮಾಡಿದ್ದಳು. ಬೇರೆ ಹೆಸರಿನ ಪದವಿ ಆಗಲೇ ಕೈಯಲ್ಲಿದ್ದರೆ ವಿಶ್ವವಿದ್ಯಾಲಯದಿಂದ ಸಮಾನತೆಯ ಪತ್ರವನ್ನು ಮುಂಚಿತವಾಗಿ ಪಡೆದಿಡಬೇಕು. ಕರೆ ಬಂದ ಮೇಲೆ ಓಡಿದರೆ ಸಿಗುವುದಿಲ್ಲ.

ಎರಡನೆಯದು ಇಂಟರ್ನ್‌ಶಿಪ್. ಭಾರತೀಯ ಡಯೆಟಿಕ್ ಸಂಘದ ನೋಂದಾಯಿತ ಡಯೆಟಿಷಿಯನ್ ಪರೀಕ್ಷೆಗೆ ಎಂ.ಎಸ್ಸಿ. ನಂತರ ಆಸ್ಪತ್ರೆಯಲ್ಲಿ ಆರು ತಿಂಗಳು ಕೆಲಸ ಮಾಡಿರಬೇಕು. ‘ತೃಪ್ತಿಕರವಾಗಿ ಪೂರೈಸಿದ್ದಾರೆ’ ಎಂಬ ಒಂದು ಸಾಲಿನ ಪ್ರಮಾಣಪತ್ರ ಸಾಲದು. ಆರಂಭ ಮತ್ತು ಕೊನೆಯ ದಿನಾಂಕ, ಹಾಸಿಗೆಗಳ ಸಂಖ್ಯೆ, ಯಾವ ವಾರ್ಡಿನಲ್ಲಿ ಎಷ್ಟು ವಾರ, ಯಾರ ಮೇಲ್ವಿಚಾರಣೆ, ಇವು ಪತ್ರದಲ್ಲೇ ಇರಲಿ. ಪ್ರತಿದಿನದ ಪುಸ್ತಕವನ್ನು ಅವಳೇ ಬರೆದಿಡಬೇಕು: ಮೂಗಿನ ನಳಿಕೆಯಲ್ಲಿ ಕೊಟ್ಟ ಫೀಡ್ ಎಷ್ಟು ಮಿಲಿ, ಎಷ್ಟು ಗಂಟೆಗೊಮ್ಮೆ, ನಿಂತಿತೇ, ಏಕೆ. ಕಿಡ್ನಿ ರೋಗಿಗೆ ತರಕಾರಿಯನ್ನು ಹೆಚ್ಚಿ ಹೆಚ್ಚು ನೀರಲ್ಲಿ ಕುದಿಸಿ ಆ ನೀರು ಚೆಲ್ಲಿದಿರೋ ಇಲ್ಲವೋ. ಸಂದರ್ಶನದಲ್ಲಿ ಪ್ರಶ್ನೆ ಬರುವುದು ಅಲ್ಲಿಂದ.

ಆಸ್ಪತ್ರೆ, ಆಹಾರ ಸೇವೆ, ಸಮುದಾಯ, ಕ್ರೀಡೆ ಎಲ್ಲವನ್ನೂ ಒಳಗೊಂಡ ಪೋಷಣ ವೃತ್ತಿಪರರು 2021ರ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯ ಅನುಸೂಚಿಯಲ್ಲಿ ಸೇರಿದ್ದಾರೆ. ರಾಜ್ಯ ಪರಿಷತ್ತಿನ ನೋಂದಣಿ ಎಲ್ಲಿ ಶುರುವಾಗುತ್ತದೋ ಅಲ್ಲಿ ಮಾಡಿಸಿಕೊಳ್ಳುವುದು ಮುಂದೆ ಒಳ್ಳೆಯದು.

ಮೂರನೆಯದು ಪುಣೆ, ಮುಂಬಯಿ ಕನ್ನಡಿಗರಿಗೇ ಮೀಸಲಾದ ತಲೆನೋವು: ಜಾತಿ ಪ್ರಮಾಣಪತ್ರ. ಹಿಂದುಳಿದ ವರ್ಗಗಳ ಕೇಂದ್ರದ ಪಟ್ಟಿ ರಾಜ್ಯವಾರು ಇದೆ. ಕರ್ನಾಟಕದ ಪಟ್ಟಿಯಲ್ಲಿರುವ ಸಮುದಾಯ ಮಹಾರಾಷ್ಟ್ರದ ಪಟ್ಟಿಯಲ್ಲಿ ಇಲ್ಲದಿರಬಹುದು, ಇದ್ದರೂ ಹೆಸರು ಬೇರೆ. ಕೇಂದ್ರದ ನೌಕರಿಗೆ ಮೂಲ ರಾಜ್ಯದ ಸ್ಥಾನವೇ ನಡೆಯುತ್ತದೆ, ಅದಕ್ಕೆ ತಂದೆಯ ಮೂಲ ದಾಖಲೆ ಬೇಕು, ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಇರಬೇಕು, ಕೆನೆಪದರದಲ್ಲಿಲ್ಲ ಎಂಬುದು ಅಧಿಸೂಚನೆ ಹೇಳಿದ ಅವಧಿಗೆ ಹೊಂದಬೇಕು. ಮಹಾರಾಷ್ಟ್ರದ ಕಾಲೇಜಿನ ಸೀಟಿಗೆ ಇದೇ ಕಾಗದ ನಡೆಯುತ್ತದೆ ಎಂದು ತಿಳಿದು ಅರ್ಜಿ ತುಂಬಿದರೆ ಪ್ರವೇಶ ರದ್ದಾಗುವ ಅಪಾಯ. ಎರಡಕ್ಕೂ ಬೇರೆ ಬೇರೆ ಲೆಕ್ಕ.

‘ಅಪ್ಪ ಫೌಜಿ’ ಎಂಬುದು ಎಲ್ಲಿ ಉಪಯೋಗ? ಮಾಜಿ ಸೈನಿಕರ ನೌಕರಿ ಕೋಟಾ ಮಾಜಿ ಸೈನಿಕರಿಗೆ, ಮಕ್ಕಳಿಗಲ್ಲ. ಕಾಲೇಜು ಪ್ರವೇಶದಲ್ಲಿ ಕೆಲವು ಕಡೆ ಸೀಟು ಇರುತ್ತದೆ, ಪ್ರಾಸ್ಪೆಕ್ಟಸ್ ನೋಡಬೇಕು. ಕೇಂದ್ರೀಯ ಸೈನಿಕ ಮಂಡಳಿಯ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಎಂ.ಎಸ್ಸಿ.ಗೆ ಸಿಗುವುದಿಲ್ಲ.

ತೀರ್ಮಾನವಾದ ಯೋಜನೆ

ಎರಡು ಹಳಿ ಒಟ್ಟಿಗೆ, ಆದರೆ ಒಂದಕ್ಕೆ ಕೊನೆಯ ದಿನಾಂಕ ಹಾಕಿ. ಎಂ.ಎಸ್ಸಿ.ಯ ಎರಡು ವರ್ಷದಲ್ಲಿ ಎಎಫ್‌ಕ್ಯಾಟ್ ಮೂರು ಸಲ, ಸಿಡಿಎಸ್ ಎರಡು ಸಲ. 24 ತುಂಬಿದ ದಿನ ಸಮವಸ್ತ್ರದ ಹಳಿ ನಿಲ್ಲಿಸುವುದು. ನಿಯಮದ ಪ್ರಕಾರ ಇನ್ನೂ ಪ್ರಯತ್ನ ಉಳಿದಿರುತ್ತದೆ, ಆದರೆ ಇಂಟರ್ನ್‌ಶಿಪ್ ಮತ್ತು ಪರೀಕ್ಷೆಯ ತಯಾರಿ ಒಟ್ಟಿಗೆ ಸಾಗುವುದಿಲ್ಲ, ಎರಡೂ ಕೆಡುತ್ತವೆ.

ಪ್ರಬಂಧಕ್ಕೆ ಅವಳು ಮೊದಲು ಆಯ್ದದ್ದು ‘ಯೋಧರ ಆಹಾರ ಸೇವನೆ’. ಸೇನಾ ಘಟಕದಲ್ಲಿ ದತ್ತಾಂಶ ತೆಗೆಯಲು ಅನುಮತಿ, ನೈತಿಕ ಸಮಿತಿ, ಪ್ರಕಟಣೆಗೆ ಮತ್ತೆ ಅನುಮತಿ, ಎರಡನೆಯ ವರ್ಷ ಅದರಲ್ಲೇ ಮುಗಿಯುತ್ತದೆ. ಅದರ ಬದಲು ಹಾಸ್ಟೆಲ್ ಮೆಸ್ಸಿನಲ್ಲಿ ಮೂರು ಬಕೆಟಿನ ಕ್ರಮದಿಂದ ತಟ್ಟೆ ಶೇಷದ ಅಧ್ಯಯನ. ವಿಧಾನ ಒಂದೇ, ಮುಂದೆ ಎಲ್ಲಿ ಬೇಕಾದರೂ ಬಳಸಬಹುದು.

ಇಂಟರ್ನ್‌ಶಿಪ್‌ನಲ್ಲಿ ಮೊದಲ ನಾಲ್ಕು ತಿಂಗಳು ಪುಣೆಯ ದೊಡ್ಡ ನಾಗರಿಕ ಆಸ್ಪತ್ರೆ, ಅನುಮತಿ ಸಿಕ್ಕರೆ ಕೊನೆಯ ಎರಡು ತಿಂಗಳು ಸೇನಾ ಆಸ್ಪತ್ರೆ. ಪತ್ರ ಕಾಲೇಜಿನ ಮುಖ್ಯಸ್ಥರಿಂದ ಹೋಗಬೇಕು, ಅಪ್ಪನ ಪರಿಚಯದ ಸುಬೇದಾರ್ ಮೇಜರ್‌ರಿಂದ ಅಲ್ಲ. ಜೊತೆಗೆ ದೇಹದ ಅಳತೆಯ ಐಸಾಕ್ ಮೊದಲ ಹಂತದ ತರಬೇತಿ. ಎಂಟು ಜಾಗದ ಚರ್ಮದ ಮಡಿಕೆಯನ್ನು ಸರಿಯಾಗಿ ಹಿಡಿಯಲು ಬರುವವರು ಕ್ರೀಡಾ ಸಂಸ್ಥೆಗಳ ಗುತ್ತಿಗೆ ಸಂದರ್ಶನದಲ್ಲಿ ಬೇರೆಯಾಗಿ ಕಾಣುತ್ತಾರೆ. ಕ್ರೀಡಾಪಟುವಿಗೆ ಪ್ರೋಟೀನ್ ಪುಡಿ ಬರೆದುಕೊಡುವ ಮುನ್ನ ಉದ್ದೀಪನ ಔಷಧದ ನಿಷೇಧ ಪಟ್ಟಿ ಓದಿರಬೇಕು. ಡಬ್ಬಿಯ ಮೇಲೆ ಬರೆಯದ ಪದಾರ್ಥ ಒಳಗಿದ್ದು ಸಿಕ್ಕಿಬಿದ್ದರೆ ಹೋಗುವುದು ಆಟಗಾರನ ವರ್ಷಗಳು.

ಗುತ್ತಿಗೆಯ ಕರಾರಿನಲ್ಲಿ ಅವಧಿ, ರಜೆ, ನವೀಕರಣ ಓದಿಯೇ ಸಹಿ ಮಾಡಬೇಕು. ಹನ್ನೊಂದು ತಿಂಗಳ ಗುತ್ತಿಗೆಗಳನ್ನು ಒಂದರ ಮೇಲೊಂದು ಪೇರಿಸುತ್ತ ಮೂವತ್ತು ದಾಟಿದವರು ಇದ್ದಾರೆ. ಅಷ್ಟರಲ್ಲಿ ಫೆಲೊಶಿಪ್‌ನ 28ರ ಗಡಿ ಹಿಂದೆ ಹೋಗಿರುತ್ತದೆ. ಹಾಗಾಗಿ ನೆಟ್ ಪರೀಕ್ಷೆಯನ್ನು ಎಂ.ಎಸ್ಸಿ. ಕೊನೆಯ ವರ್ಷದಲ್ಲೇ ಬರೆಯುವುದೆಂದು ಇಟ್ಟುಕೊಂಡರು.

ಸದ್ಯಕ್ಕೆ ಕಡತದಲ್ಲಿ ಬಾಕಿ ಇರುವುದು ಎರಡು. ಪದವಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಮಹಾರಾಷ್ಟ್ರದ ಪದ್ಧತಿಯಂತೆ ನಡುವೆ ಬಂದಿದೆ, ತಂದೆಯ ಊರಿನ ದಾಖಲೆಯಲ್ಲಿ ಅಡ್ಡಹೆಸರು ಮೊದಲು. ಅದಕ್ಕೆ ಅಫಿಡವಿಟ್ ಆಗಬೇಕು. ಗೋಕಾಕ ತಹಶೀಲ್ದಾರರ ಕಚೇರಿಗೆ ತಂದೆ ಸೋಮವಾರ ಹೊರಡುತ್ತಾರೆ, ಶಾಲೆ ಬಿಟ್ಟ ಪ್ರಮಾಣಪತ್ರದ ಮೂಲ ಪ್ರತಿ ಹಿಡಿದುಕೊಂಡು.